ಸುರಕ್ಷಾ ಕ್ಲಿನಿಕ್ ರಿಜಿಸ್ಟರಿನಲ್ಲಿ ಮದುವೆಯಾದವರು, ಬಡವರೇ ಜಾಸ್ತಿ. ಇದರಿಂದ ನಿಜವಾಗಿ ಏನು ಗೊತ್ತಾಗುತ್ತದೆ?

ಕೊನೆ_ಸೆಮಿಸ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಅಂತ ಆರು ವಾರದಿಂದ ಒಂದು ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಕೂರುತ್ತಿದ್ದೇನೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಲೈಂಗಿಕವಾಗಿ ಹರಡುವ ಸೋಂಕು ಮತ್ತು ಜನನಾಂಗದ ಸೋಂಕಿಗೆ ದುಡ್ಡಿಲ್ಲದೆ ಔಷಧಿ, ಸಲಹೆ ಎರಡೂ ಸಿಗುವ ಸರ್ಕಾರಿ ಕ್ಲಿನಿಕ್ ಇದು.

ನನ್ನ ವಿಷಯ ಇಲ್ಲಿಗೆ ಬರುವವರ ಸಾಮಾಜಿಕ ವರ್ಗ ಮತ್ತು ವೈವಾಹಿಕ ಸ್ಥಿತಿ. ರಿಜಿಸ್ಟರ್ ನೋಡಿದರೆ ಕೂಲಿ, ಮನೆಕೆಲಸ, ಗಾರ್ಮೆಂಟ್ಸ್, ಡ್ರೈವರ್, ಗೃಹಿಣಿ, ಗೃಹಿಣಿ, ಗೃಹಿಣಿ. ಮದುವೆಯಾದ ಹೆಂಗಸರೇ ಜಾಸ್ತಿ. ಮದುವೆಯಾಗದವರು ಎಲ್ಲೋ ಒಬ್ಬೊಬ್ಬರು. ಬ್ಯಾಂಕಿನವರು, ಲೆಕ್ಚರರು, ಅಂಗಡಿ ಮಾಲೀಕರು ನನ್ನ ಕಣ್ಣಿಗೆ ಬಿದ್ದೇ ಇಲ್ಲ. ನಮ್ಮ ಗೈಡ್ "ಕೆಳವರ್ಗದ ವಿವಾಹಿತರಲ್ಲಿ ಈ ಕಾಯಿಲೆ ಹೆಚ್ಚು ಅಂತ ಬರೆದು ಮುಗಿಸು" ಅನ್ನುತ್ತಿದ್ದಾರೆ. ಟೇಬಲ್ ಹಾಗೇ ಹೇಳುತ್ತದೆ, ನಿಜ. ಆದರೆ ಬರೆಯಲು ಕೈ ಬರುತ್ತಿಲ್ಲ.

ಯಾಕೆ ಅಂದರೆ ಕಳೆದ ವಾರ ಒಂದು ಹುಡುಗಿ ಬಂದಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿರಬಹುದು. ಹೆಸರು, ವಯಸ್ಸು, ಊರು ಸಲೀಸಾಗಿ ಹೇಳಿದಳು. "ಮದುವೆ ಆಗಿದೆಯಾ?" ಅಂತ ಕೇಳಿದಾಗ ಸ್ವಲ್ಪ ಹೊತ್ತು ದುಪಟ್ಟಾ ಅಂಚನ್ನು ಬೆರಳಿಗೆ ಸುತ್ತಿಕೊಂಡು "ಆಗಿದೆ" ಅಂದಳು. ಮುಂದಿನ ಪ್ರಶ್ನೆ, "ಗಂಡನ ಹೆಸರು?" ಅವಳು ಎದ್ದು ನಿಂತು, ಆಧಾರ್ ಕಾರ್ಡ್ ಹೊರಗೆ ಅಕ್ಕನ ಹತ್ತಿರ ಇದೆ, ತರ್ತೀನಿ ಅಂತ ಹೋದಳು. ವಾಪಸ್ ಬರಲೇ ಇಲ್ಲ. ಒಪಿಡಿ ಚೀಟಿ ಮೇಜಿನ ಮೇಲೇ ಉಳಿಯಿತು. ಕೇಳಿದವಳು ನಾನೇ. ನನ್ನ ಟೇಬಲ್‌ನಲ್ಲಿ ಅವಳನ್ನು ಎಲ್ಲಿ ಹಾಕಲಿ? ಹಾಕುವ ಜಾಗವೇ ಇಲ್ಲ, ಅವಳು ರಿಜಿಸ್ಟರಿಗೇ ಬರಲಿಲ್ಲ.

ಎರಡು ವಿಷಯ ಕೇಳಬೇಕು. ಈ ಟೇಬಲ್ ಇಟ್ಟುಕೊಂಡು ಏನು ಹೇಳಬಹುದು, ಏನು ಹೇಳಬಾರದು? ಮತ್ತೆ ಮದುವೆ ವಿಚಾರವನ್ನು ಹೇಗೆ ಕೇಳಬೇಕು, ಅಥವಾ ಕೇಳಲೇಬಾರದಾ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಹಳೇ_ಕೌನ್ಸೆಲರ್:

ನಾನು ಹನ್ನೊಂದು ವರ್ಷ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡಿದ್ದೇನೆ, ಮೊದಲು ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ, ಆಮೇಲೆ ಸುರಕ್ಷಾದಲ್ಲಿ. ನಿಮಗೆ ಬರೆಯಲು ಕೈ ಬರುತ್ತಿಲ್ಲ ಅಂದಿರಲ್ಲ, ಅದು ಸರಿಯಾಗೇ ಇದೆ ತಾಯಿ. ಬರೆಯಬೇಡಿ.

ಆ ಗೃಹಿಣಿಯರೆಲ್ಲ ಹೇಗೆ ರಿಜಿಸ್ಟರಿಗೆ ಬಂದರು ಅಂತ ಮೊದಲು ನೋಡಿ. ನಮ್ಮಲ್ಲಿ ಹೆಂಗಸು ಗರ್ಭಿಣಿಯಾದರೆ ತಾಯಿ ಕಾರ್ಡ್ ಮಾಡಿಸುವಾಗಲೇ ಎಚ್‌ಐವಿ, ಸಿಫಿಲಿಸ್ ಎರಡಕ್ಕೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಲು ಹೇಳುತ್ತಾರೆ. ಒಳ್ಳೆಯದೇ, ಮಗು ಉಳಿಯುತ್ತದೆ. ಪಾಸಿಟಿವ್ ಬಂದರೆ ನಮ್ಮ ಹತ್ತಿರ ಕಳಿಸುತ್ತಾರೆ. ಗಂಡನಿಗೆ ಅಂಥ ಕಾರ್ಡ್ ಯಾವುದಿದೆ? ಅವನ ರಕ್ತ ನೋಡುವುದು ಹೆಂಡತಿಗೆ ಏನಾದರೂ ಸಿಕ್ಕ ಮೇಲೆ, ಅದೂ ಅವನು ಬಂದರೆ. ಹುಡುಕಿದ ಕಡೆ ಸಿಗುತ್ತದೆ, ಹುಡುಕದ ಕಡೆ ಸಿಗುವುದಿಲ್ಲ. ಹಾಗಾಗಿ ರಿಜಿಸ್ಟರಿನಲ್ಲಿ ಸೋಂಕು ಹೆಂಡತಿಯ ಹೆಸರಿನಲ್ಲಿ ಮೊದಲು ಬರುತ್ತದೆ. ಮನೆಗೆ ತಂದವಳು ಅವಳೇ ಅಂತ ಅತ್ತೆ ಮನೆಯವರು ತಿಳಿದುಕೊಂಡು ತವರಿಗೆ ಕಳಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಒಂದೆರಡು ಸಲ ಅಲ್ಲ.

ಎರಡನೇದು, ಬಿಳಿ ಸೆರಗು, ಅಂದರೆ ಬಿಳಿ ಸ್ರಾವ. ನಿಮ್ಮ ಪಟ್ಟಿಯ ಹೆಂಗಸರಲ್ಲಿ ಬಹಳ ಜನ ಅದಕ್ಕೇ ಬಂದಿರುತ್ತಾರೆ. ಔಷಧಿ ಕಿಟ್‌ಗಳ ಬಣ್ಣ ನೋಡಿದ್ದೀರಾ? ಒಂದನೇ ನಂಬರ್ ಬೂದು, ಎರಡು ಹಸಿರು, ಮೂರು ಬಿಳಿ, ನಾಲ್ಕು ನೀಲಿ, ಐದು ಕೆಂಪು, ಆರು ಹಳದಿ, ಏಳು ಕಪ್ಪು. ಹಸಿರು ಕಿಟ್ ಹೋಗಿದ್ದು ಯೋನಿಯ ಸೋಂಕಿಗೆ. ಅದರಲ್ಲಿ ಬಹಳಷ್ಟು ಬರೀ ಫಂಗಸ್, ಇಲ್ಲ ಅಲ್ಲಿ ಸಹಜವಾಗಿ ಇರುವ ಬ್ಯಾಕ್ಟೀರಿಯಾದ ಏರುಪೇರು. ಸಕ್ಕರೆ ಕಾಯಿಲೆ ಇದ್ದರೂ ಬರುತ್ತದೆ, ಆಂಟಿಬಯೋಟಿಕ್ ತಿಂದರೂ ಬರುತ್ತದೆ. ಅದು ಬಂತು ಅಂತ ಗಂಡ ಹೆಂಡತಿ ನಡತೆ ಸರಿಯಿಲ್ಲ ಅನ್ನಲು ಬರುವುದಿಲ್ಲ. ನೀವು ಎಲ್ಲವನ್ನೂ ಒಟ್ಟು ಸೇರಿಸಿ "ಲೈಂಗಿಕ ರೋಗಿಗಳು" ಅಂತ ಬರೆದರೆ ಪಾಪ ಆ ಹೆಂಗಸರ ಮೇಲೆ ಇಲ್ಲದ್ದನ್ನು ಹೊರಿಸಿದ ಹಾಗೆ. ಕಿಟ್ ಪ್ರಕಾರ ಬೇರೆ ಮಾಡಿ, ಆಮೇಲೆ ಮದುವೆ ಕಾಲಂ ನೋಡಿ. ಚಿತ್ರವೇ ಬದಲಾಗುತ್ತದೆ.

ಮೂರನೇದು, ಡ್ರೈವರ್‌ಗಳು. ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಲಾರಿ ಡ್ರೈವರ್‌ಗಳನ್ನೂ ವಲಸೆ ಕೂಲಿಗಳನ್ನೂ ಹುಡುಕಿಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತಾರೆ. ಕೆಲಸವೇ ಅದು. ಬ್ಯಾಂಕ್ ಮ್ಯಾನೇಜರ್‌ನ ಹುಡುಕಿಕೊಂಡು ಯಾರೂ ಹೋಗುವುದಿಲ್ಲ ಅಲ್ವಾ?

ಆದರೆ ಮದುವೆ ಪ್ರಶ್ನೆ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಬೂದು ಕಿಟ್ ಲೈಂಗಿಕವಾಗಿ ಹರಡುವ ಸೋಂಕಿನದು, ಅದನ್ನು ಕೊಟ್ಟ ಹೆಂಗಸಿನ ಗಂಡನಿಗೂ ಔಷಧಿ ಹೋಗಲೇಬೇಕು, ಇಲ್ಲದಿದ್ದರೆ ಹದಿನೈದು ದಿನಕ್ಕೆ ಅದೇ ತೊಂದರೆ ಹೊತ್ತು ಮತ್ತೆ ಬರುತ್ತಾಳೆ. ಅದನ್ನು ತಿಳಿಯಲು ನಾನು ಕೇಳುತ್ತಿದ್ದುದು ಹೀಗೆ: "ನಿಮ್ಮ ಜೊತೆ ಇನ್ನೊಬ್ಬರಿಗೂ ಈ ಮಾತ್ರೆ ಬೇಕಾಗಬಹುದು. ಕೊಡೋಕೆ ಆಗುತ್ತಾ? ಹೇಳಿದರೆ ಮನೆಯಲ್ಲಿ ನಿಮಗೇನಾದರೂ ತೊಂದರೆ ಆಗುತ್ತಾ?" ಮದುವೆ ಆದವರು ಗಂಡ ಅನ್ನುತ್ತಾರೆ, ಆಗದವರು ಸುಮ್ನೆ ತಲೆ ಆಡಿಸುತ್ತಾರೆ. ಎರಡೂ ಉತ್ತರವೇ. ಹೊಡೀತಾರೆ ಅಂತ ಹೇಳಿದವರೂ ಇದ್ದಾರೆ, ಆಗ ಬೇರೆ ದಾರಿ ನೋಡಬೇಕು. ಗಂಡನ ಹೆಸರು ಕೇಳುವ ಅಗತ್ಯ ನನಗೆ ಯಾವತ್ತೂ ಬೀಳಲಿಲ್ಲ.

ಇನ್ನೊಂದು ಮಾತು. ರಿಜಿಸ್ಟರನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಮನೆಗೆ ಒಯ್ಯಬೇಡಿ. ಎಚ್‌ಐವಿ ಏಡ್ಸ್ ಕಾಯ್ದೆ 2017ರದ್ದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಒಬ್ಬರ ವಿಚಾರ ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ಹೆಸರಿಲ್ಲದೆ, ನಂಬರ್ ಇಲ್ಲದೆ ಅಲ್ಲೇ ಕೂತು ಬರೆದುಕೊಳ್ಳಿ.

ಪಿಜಿ_ಮೂರನೇ_ಮಹಡಿ:

ಆ ಹುಡುಗಿ ಎದ್ದು ಹೋದದ್ದನ್ನು ಓದಿ ಸುಮ್ಮನಿರಲು ಆಗಲಿಲ್ಲ. ನಿಮ್ಮ ರಿಜಿಸ್ಟರಿನಲ್ಲಿ ಇಲ್ಲದವರಲ್ಲಿ ನಾನೂ ಒಬ್ಬಳು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಮದುವೆಯಾಗಿಲ್ಲ. ಎರಡು ವರ್ಷದ ಹಿಂದೆ ಮೂತ್ರ ಮಾಡುವಾಗ ಉರಿ, ಕೆಳಹೊಟ್ಟೆ ನೋವು. ಒಂದು ಖಾಸಗಿ ಆಸ್ಪತ್ರೆಗೆ ಹೋದೆ. ಕೌಂಟರ್‌ನಲ್ಲಿ ಹತ್ತು ಜನರ ಮುಂದೆ "ಮ್ಯಾರೀಡಾ ಅನ್‌ಮ್ಯಾರೀಡಾ?" ಅಂತ ಜೋರಾಗಿ ಕೇಳಿದರು. ಅನ್‌ಮ್ಯಾರೀಡ್ ಅಂದೆ. ಅಷ್ಟೇ, ಆ ಒಂದು ಪದ ಫೈಲಿನ ಮೇಲೆ ಕೂತುಕೊಂಡು ಮುಂದಿನದೆಲ್ಲ ತೀರ್ಮಾನ ಮಾಡಿಬಿಟ್ಟಿತು. ಡಾಕ್ಟರ್ ಫೈಲ್ ನೋಡಿದರು, ನನ್ನನ್ನು ಏನೂ ಕೇಳಲಿಲ್ಲ, ನೀರು ಜಾಸ್ತಿ ಕುಡಿಯಮ್ಮ ಅಂತ ಮೂತ್ರದ ಸೋಂಕಿಗೆ ಮಾತ್ರೆ ಬರೆದರು. ಕಡಿಮೆಯಾಗಲಿಲ್ಲ. ಎರಡನೇ ಕಡೆಯೂ ಅದೇ. ನಾನಾಗಿ ಬಾಯಿ ಬಿಡಬಹುದಿತ್ತು ಅಂತ ನೀವು ಕೇಳಬಹುದು. ಅಮ್ಮನ ವಯಸ್ಸಿನ ಡಾಕ್ಟರ್, ಬಾಗಿಲು ಅರ್ಧ ತೆರೆದಿತ್ತು, ಹೊರಗೆ ಮುಂದಿನ ಟೋಕನ್‌ನವರು ನಿಂತಿದ್ದರು. ಆಗಲಿಲ್ಲ.

ಮೂರನೇ ಡಾಕ್ಟರ್ ಬಾಗಿಲು ಹಾಕಿ, "ಇದನ್ನ ಎಲ್ಲರಿಗೂ ಕೇಳ್ತೀನಿ, ಯಾರ ಜೊತೆಗಾದರೂ ಸೇರಿದ್ದೀರಾ?" ಅಂದರು. "ಎಲ್ಲರಿಗೂ ಕೇಳ್ತೀನಿ" ಅಂದಿದ್ದಕ್ಕೆ ನನಗೆ ಹೇಳಲು ಧೈರ್ಯ ಬಂತು. ಪರೀಕ್ಷೆ ಮಾಡಿಸಿದರು, ಕ್ಲಮೈಡಿಯ, ಲೈಂಗಿಕವಾಗಿ ಹರಡುವ ಒಂದು ಬ್ಯಾಕ್ಟೀರಿಯಾ ಸೋಂಕು. ಡಾಕ್ಸಿಸೈಕ್ಲಿನ್ ದಿನಕ್ಕೆ ಎರಡರಂತೆ 7 ದಿನ. ಅಷ್ಟೇ ಔಷಧಿ. ಅಷ್ಟಕ್ಕೆ ನಾಲ್ಕು ತಿಂಗಳು ಒದ್ದಾಡಿದೆ. ಹಾಗೇ ಬಿಟ್ಟಿದ್ದರೆ ಗರ್ಭನಾಳಕ್ಕೆ ತೊಂದರೆಯಾಗಿ ಮುಂದೆ ಮಗು ಆಗುವುದೇ ಕಷ್ಟ ಆಗಬಹುದಿತ್ತು ಅಂತ ಅವರೇ ಹೇಳಿದರು.

ನನ್ನ ಹಾಸ್ಟೆಲ್ ಗೆಳತಿಯರು ಈಗ ಮೊಬೈಲಿನಲ್ಲೇ ಲ್ಯಾಬ್ ಬುಕ್ ಮಾಡುತ್ತಾರೆ, ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ. ದುಡ್ಡು ಇದೆ, ಹಾಗಾಗಿ ಯಾರ ಮುಖವನ್ನೂ ನೋಡದೆ ಮುಗಿಸುತ್ತೇವೆ. ನಮ್ಮ ಪಿಜಿಯಲ್ಲಿ ಪಾತ್ರೆ ತೊಳೆಯುವ ಹುಡುಗಿಗೂ ಮದುವೆಯಾಗಿಲ್ಲ. ಅವಳಿಗೇನಾದರೂ ಆದರೆ ಅವಳು ಇಂಥದೇ ಒಂದು ಮೇಜಿನ ಮುಂದೆ ಕೂರಬೇಕು. ವರ್ಗ ಅನ್ನುವುದು ನನಗೆ ಕಾಣುವುದು ಇಲ್ಲಿ, ಯಾರಿಗೆ ಗುಟ್ಟು ಕೊಂಡುಕೊಳ್ಳಲು ಆಗುತ್ತದೆ, ಯಾರಿಗೆ ಆಗುವುದಿಲ್ಲ ಅನ್ನುವುದರಲ್ಲಿ.

ಕಾನೂನೇ ಈಗ ಇದನ್ನು ಬಿಟ್ಟಿದೆ. ಗರ್ಭಪಾತದ ಕಾಯ್ದೆಯಲ್ಲಿ ಗರ್ಭನಿರೋಧಕ ಕೈಕೊಟ್ಟಾಗಿನ ನಿಯಮ ಮೊದಲು ಮದುವೆಯಾದ ಹೆಂಗಸು ಮತ್ತು ಆಕೆಯ ಗಂಡನಿಗೆ ಮಾತ್ರ ಅಂತಿತ್ತು. 2021ರ ತಿದ್ದುಪಡಿಯಲ್ಲಿ ಯಾವುದೇ ಹೆಂಗಸು ಮತ್ತು ಆಕೆಯ ಸಂಗಾತಿ ಅಂತಾಯಿತು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮದುವೆಯಾಗದವರನ್ನು ಬೇರೆ ಮಾಡಿ ನೋಡಬಾರದು ಅಂತ ಹೇಳಿತು. ಕೌಂಟರ್‌ಗೆ ಮಾತ್ರ ಅದು ಇನ್ನೂ ಬಂದಿಲ್ಲ.

ಟ್ಯಾಂಕರ್_ಸ್ಟೇರಿಂಗ್:

ಮೇಡಂ, ನಾನು ಹದಿನಾಲ್ಕು ವರ್ಷದಿಂದ ಟ್ಯಾಂಕರ್ ಓಡಿಸುತ್ತೇನೆ. ತೊಡೆ ಸಂದಿಯಲ್ಲಿ ತುರಿಕೆ ಅಂತ ಒಂದು ಆಸ್ಪತ್ರೆಗೆ ಹೋಗಿದ್ದೆ. ಕೆಲಸ ಏನು ಅಂದರು, ಡ್ರೈವರ್ ಅಂದೆ. ಅಲ್ಲಿಂದ ಮಾತೇ ಬೇರೆ ಆಯಿತು. "ಎಲ್ಲೆಲ್ಲಿ ಹೋಗ್ತೀಯಪ್ಪಾ, ಹೆಂಡತಿಗೆ ಗೊತ್ತಾ" ಅಂತ ನರ್ಸು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನೋಡಿದರೆ ಹುಳುಕಡ್ಡಿ. ಇಂಜಿನ್ ಬಿಸಿಗೆ, ಬೆವರಿಗೆ ಸೀಟಿನ ಮೇಲೆ ಹತ್ತು ತಾಸು ಕೂತರೆ ಯಾರಿಗಾದರೂ ಬರುತ್ತದೆ. ಮುಲಾಮು ಹಚ್ಚಿ ಹೋಯಿತು.

ನಮ್ಮಲ್ಲಿ ತಪ್ಪು ಮಾಡುವವರು ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆವತ್ತಿನಿಂದ ನಮ್ಮ ಹುಡುಗರು ಯಾರೂ ಆ ಆಸ್ಪತ್ರೆಗೆ ಹೋಗುವುದಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಹೇಳಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಇಲ್ಲ ಬಸ್ ಸ್ಟ್ಯಾಂಡ್ ಗೋಡೆ ಮೇಲೆ "ಗುಪ್ತರೋಗ" ಅಂತ ಪೋಸ್ಟರ್ ಅಂಟಿಸಿರುತ್ತಾರಲ್ಲ, ಲಾಡ್ಜಿಗೆ ಬಂದು ಕೂರುವವರು, ಅವರ ಹತ್ತಿರ ಹೋಗಿ ಸಾವಿರಾರು ರೂಪಾಯಿ ಸುರಿದು ಬರುತ್ತಾರೆ. ಅವರನ್ನೂ ನಿಮ್ಮ ಪುಸ್ತಕದಲ್ಲಿ ಬರೆಯಿರಿ.

ಲೆಕ್ಕದ_ಮೇಷ್ಟ್ರು:

ಸಮುದಾಯ ವೈದ್ಯಶಾಸ್ತ್ರ ಪಾಠ ಮಾಡುತ್ತೇನೆ. ನಿಮ್ಮ ಮೊದಲನೇ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. "ಕ್ಲಿನಿಕ್‌ಗೆ ಬಂದವರಲ್ಲಿ ಇಂಥವರು ಜಾಸ್ತಿ" ಅಂತ ನೀವು ಬರೆಯಬಹುದು. "ಇಂಥವರಲ್ಲಿ ಕಾಯಿಲೆ ಜಾಸ್ತಿ" ಅಂತ ಬರೆಯಲು ಬರುವುದಿಲ್ಲ. ಎರಡನೇದಕ್ಕೆ ಊರಿನಲ್ಲಿ ಒಟ್ಟು ವಿವಾಹಿತರು ಎಷ್ಟು, ಅವಿವಾಹಿತರು ಎಷ್ಟು, ಅವರಲ್ಲಿ ಎಷ್ಟು ಜನಕ್ಕೆ ಸೋಂಕು ಅನ್ನುವುದು ಬೇಕು. ವಯಸ್ಸಿಗೆ ಬಂದ ನಮ್ಮ ಹೆಂಗಸರಲ್ಲಿ ಬಹುಪಾಲು ಮದುವೆಯಾದವರೇ ಇರುವಾಗ ಕಣ್ಣಿನ ಆಸ್ಪತ್ರೆಯ ರಿಜಿಸ್ಟರಿನಲ್ಲೂ ಅವರೇ ಜಾಸ್ತಿ ಸಿಗುತ್ತಾರೆ.

ನೀವು ಯಾವ ವರ್ಗ ಮಾಪನ ಬಳಸಿದ್ದೀರಿ? ಕುಪ್ಪುಸ್ವಾಮಿ ಸ್ಕೇಲ್ ಇರಬೇಕು, ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಅದು 1976ರದ್ದು, ನಗರದ ಕುಟುಂಬಗಳಿಗೆ ಮಾಡಿದ್ದು. ಮನೆ ಯಜಮಾನನ ಓದು, ಯಜಮಾನನ ಕೆಲಸ, ಇಡೀ ಕುಟುಂಬದ ತಿಂಗಳ ಆದಾಯ, ಈ ಮೂರಕ್ಕೆ ಅಂಕ ಹಾಕಿ ಕೂಡಿಸುತ್ತಾರೆ. ಒಟ್ಟು 29. ಐದು ವರ್ಗ. ಆದಾಯದ ಸಾಲನ್ನು ಬೆಲೆ ಏರಿಕೆಗೆ ತಕ್ಕಂತೆ ಆಗಾಗ ತಿದ್ದಬೇಕು, ಹಳೇ ಸಾಲು ಹಾಕಿದರೆ ಕೂಲಿಯವನೂ ಮೇಲಿನ ವರ್ಗಕ್ಕೆ ಹೋಗಿ ಕೂರುತ್ತಾನೆ.

ಈಗ ಇದರೊಳಗೆ ನಿಮ್ಮ ಎರಡು ಕಾಲಂ ಹೇಗೆ ಸಿಕ್ಕಿಹಾಕಿಕೊಂಡಿವೆ ನೋಡಿ. ಮದುವೆಯಾದ ಹೆಂಗಸಿನ ವರ್ಗ ಅಂದರೆ ಬಹಳ ಸಲ ಗಂಡನ ವರ್ಗ. ಅವಳ ಕೈಯಲ್ಲಿ ಬಸ್ ಚಾರ್ಜಿಗೂ ದುಡ್ಡಿಲ್ಲದಿದ್ದರೂ ಗಂಡ ಕಂಟ್ರಾಕ್ಟರ್ ಆದರೆ ಅವಳು ಮಧ್ಯಮ ವರ್ಗ. ಗಾರ್ಮೆಂಟ್ಸ್ ಹುಡುಗಿ ರೂಮ್ ಮಾಡಿಕೊಂಡಿದ್ದರೆ ಯಜಮಾನ ಯಾರು? ಹಳ್ಳಿಯಲ್ಲಿರುವ ಅಪ್ಪನಾ, ಅವಳೇನಾ? ಗಂಡ ಬಿಟ್ಟು ಹೋದವಳಿಗೆ? ಒಬ್ಬೊಬ್ಬ ವಿದ್ಯಾರ್ಥಿ ಒಂದೊಂದು ಥರ ತುಂಬುತ್ತಾನೆ. ನೀವು ಹೇಗೆ ತುಂಬಿದಿರಿ ಅನ್ನುವುದನ್ನು ಪ್ರಾಜೆಕ್ಟಿನಲ್ಲಿ ಬಿಡಿಸಿ ಬರೆಯಿರಿ. ಹಳ್ಳಿಯವರು ಜಾಸ್ತಿ ಇದ್ದರೆ 1961ರ ಬಿ.ಜಿ. ಪ್ರಸಾದ್ ವರ್ಗೀಕರಣ ವಾಸಿ, ಅದರಲ್ಲಿ ತಲಾ ಆದಾಯ ಒಂದೇ ಸಾಕು. ಮನೆ ಆದಾಯವನ್ನು ಮಂದಿಯಿಂದ ಭಾಗಿಸುವುದು, ಅಷ್ಟೇ.

ಮದುವೆಯಾಗದವರನ್ನು ಲೆಕ್ಕದಿಂದ ಹೊರಗಿಡುವ ಚಾಳಿ ನಿಮ್ಮ ಆಸ್ಪತ್ರೆಯದು ಮಾತ್ರ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಲ್ಲಿ ಶುರುವಾದಾಗ ಸಂದರ್ಶನ ಮಾಡಿದ್ದು ಒಮ್ಮೆಯಾದರೂ ಮದುವೆಯಾದ ಹೆಂಗಸರನ್ನು ಮಾತ್ರ. 1998-99ರ ಎರಡನೇ ಸುತ್ತಿನಲ್ಲೂ ಅದೇ. ಮದುವೆಯಾಗದ ಹೆಂಗಸರು ಮತ್ತು ಗಂಡಸರು ಸೇರಿದ್ದು 2005-06ರ ಮೂರನೇ ಸುತ್ತಿಗೆ. ಅಲ್ಲಿಯವರೆಗೆ ಆ ದೊಡ್ಡ ಸಮೀಕ್ಷೆಯಲ್ಲಿ ನಿಮ್ಮ ಆ ಹುಡುಗಿಯಂಥವರ ಮಾತೇ ಇರಲಿಲ್ಲ. ಇದನ್ನು ಪೀಠಿಕೆಯಲ್ಲಿ ಹಾಕಿ, ನಿಮ್ಮ ಗೈಡ್ ಬೇಡ ಅನ್ನಲಾರರು.

ಹಾಗಂತ ಬಡತನಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಬರೆಯಲು ಹೋಗಬೇಡಿ. ದಿನಗೂಲಿ ಬಿಟ್ಟು ಬರಬೇಕು, ಬಂದರೆ ಅರ್ಧ ದಿನ ಸಾಲು, ಹಾಗಾಗಿ ಹುಣ್ಣು ದೊಡ್ಡದಾದ ಮೇಲೇ ಬರುತ್ತಾರೆ. ತೊಂದರೆ ಶುರುವಾಗಿ ಎಷ್ಟು ದಿನಕ್ಕೆ ಬಂದರು ಅನ್ನುವ ಕಾಲಂ ಇದ್ದರೆ ಅದನ್ನು ವರ್ಗದ ಜೊತೆ ಇಟ್ಟು ನೋಡಿ. ನನಗನ್ನಿಸುವಂತೆ ನಿಮ್ಮ ಪ್ರಾಜೆಕ್ಟಿನ ಜೀವ ಅಲ್ಲಿದೆ.

ಘಟಪ್ರಭಾ_ದಂಡೆ:

ಒಂದೇ ಮಾತು ಸೇರಿಸುತ್ತೇನೆ. ನಮ್ಮ ಬಾಗಲಕೋಟೆ, ಬೆಳಗಾವಿ ಕಡೆ ಈ ಕಾಲಂ ಇನ್ನೊಂದು ಥರ ಒಡೆಯುತ್ತದೆ. ದೇವದಾಸಿ ಬಿಡುವ ಪದ್ಧತಿಯನ್ನು ನಿಷೇಧ ಮಾಡುವ ಕಾಯ್ದೆ ರಾಜ್ಯದಲ್ಲಿ 1982ರಲ್ಲೇ ಬಂದಿದೆ. ಆದರೆ ಮೊದಲು ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ತಾಯಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. "ಲಗ್ನ ಆಗೇತೇನವ್ವಾ?" ಅಂದರೆ ಏನು ಹೇಳಬೇಕು ಅವರು? ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಯಾರ ಅನ್ನುತ್ತಾರೆ. ವಿವಾಹಿತೆ, ಅವಿವಾಹಿತೆ, ವಿಧವೆ, ವಿಚ್ಛೇದಿತೆ, ನಾಲ್ಕರಲ್ಲಿ ಎಲ್ಲಿ ಟಿಕ್ ಹಾಕುತ್ತೀರಿ? ಬರೆದುಕೊಳ್ಳುವವರು ಮುಖ ನೋಡಿ ಏನೋ ಒಂದು ಹಾಕುತ್ತಾರೆ. ನಮ್ಮ ಅಜ್ಜಿಯ ಚೀಟಿಯಲ್ಲಿ ಒಮ್ಮೆ ವಿಧವೆ ಅಂತಿತ್ತು, ಇನ್ನೊಮ್ಮೆ ವಿವಾಹಿತೆ ಅಂತಿತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಓದಿದ್ದು ನಾನು.

ಕೊನೆ_ಸೆಮಿಸ್ಟರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ, ಅಷ್ಟರಲ್ಲಿ ಒಂದಿಷ್ಟು ಕೆಲಸ ಆಯಿತು.

ಕಿಟ್ ಬಣ್ಣದ ಪ್ರಕಾರ ಬೇರೆ ಮಾಡಿದೆ. ಅಕ್ಕ ಹೇಳಿದ ಹಾಗೇ ಗೃಹಿಣಿಯರ ದೊಡ್ಡ ರಾಶಿ ಹಸಿರು ಕಿಟ್‌ಗೆ ಹೋಯಿತು. ಗೈಡ್ ಹತ್ತಿರ ತೋರಿಸಿದೆ, ಸಮೀಕ್ಷೆಯ ವಿಚಾರವನ್ನೂ ಹೇಳಿದೆ. ಸ್ವಲ್ಪ ಹೊತ್ತು ನೋಡಿ, ಶೀರ್ಷಿಕೆಯಲ್ಲಿ "ಕ್ಲಿನಿಕ್‌ಗೆ ಬಂದವರ" ಅಂತ ಸೇರಿಸಲು ಒಪ್ಪಿದರು. ಎಷ್ಟು ದಿನಕ್ಕೆ ಬಂದರು ಅನ್ನುವ ಮಾಹಿತಿ ಎಲ್ಲ ಸಾಲಿನಲ್ಲೂ ಇಲ್ಲ, ಇರುವಷ್ಟು ತೆಗೆದುಕೊಳ್ಳುತ್ತಿದ್ದೇನೆ.

ಪ್ರಶ್ನೆಯ ಕ್ರಮ ಬದಲಿಸಿದೆವು. ಮೊದಲು ತೊಂದರೆ ಏನು, ಎಷ್ಟು ದಿನದಿಂದ. ಆಮೇಲೆ "ಇದನ್ನು ಎಲ್ಲರಿಗೂ ಕೇಳುತ್ತೇವೆ" ಅಂತ ಹೇಳಿ ಉಳಿದದ್ದು. ಮದುವೆ ಕಾಲಂ ಕೊನೆಗೆ ಹೋಯಿತು. ಬಾಗಿಲ ಹತ್ತಿರ ಇದ್ದ ಬೆಂಚನ್ನು ಎಕ್ಸ್‌ರೇ ರೂಮಿನ ಆ ಕಡೆ ಎತ್ತಿ ಹಾಕಿದೆವು, ಈಗ ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ಆ ಹುಡುಗಿ ಬಂದಿಲ್ಲ. ಅವಳ ಚೀಟಿಯನ್ನು ಕೌನ್ಸೆಲರ್ ಮೇಡಂ ಡ್ರಾಯರ್‌ನಲ್ಲಿ ಇಟ್ಟಿದ್ದಾರೆ.

ಅಕ್ಕ, ಇನ್ನೊಂದು ಕೇಳಲಾ? ನಿನ್ನೆ ಬೂದು ಕಿಟ್ ಕೊಟ್ಟ ಒಬ್ಬರ ಗಂಡ ಗೋವಾದಲ್ಲಿ ಗಾರೆ ಕೆಲಸದಲ್ಲಿದ್ದಾರೆ. ಊರಿಗೆ ಬರುವುದು ಹಬ್ಬಕ್ಕೆ. ಅವರಿಗೆ ಔಷಧಿ ಹೇಗೆ ಮುಟ್ಟಿಸುವುದು?

ಹಳೇ_ಕೌನ್ಸೆಲರ್:

ಬೆಂಚು ಎತ್ತಿ ಹಾಕಿದ್ದು ಓದಿ ಬಹಳ ಖುಷಿಯಾಯಿತು.

ಗೋವಾದಲ್ಲೂ ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ಕ್ಲಿನಿಕ್ ಇರುತ್ತದೆ, ದೇಶದಲ್ಲೆಲ್ಲ ಕಿಟ್ ನಂಬರ್, ಬಣ್ಣ ಒಂದೇ. ಒಂದು ಚೀಟಿಯಲ್ಲಿ ಕಿಟ್ ನಂಬರ್ ಮತ್ತು ತಾರೀಖು ಬರೆದುಕೊಡಿ, ಹೆಸರು ಬೇಡ, ಕಾಯಿಲೆಯ ಹೆಸರೂ ಬೇಡ. ಆಕೆ ಅದರ ಫೋಟೋ ಗಂಡನಿಗೆ ಕಳಿಸಲಿ. ಯಾವ ಆಸ್ಪತ್ರೆ ಅಂತ ಗೊತ್ತಾಗದಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಲಿ, ದುಡ್ಡು ಹೋಗುವುದಿಲ್ಲ. ಅವನು ಮಾತ್ರೆ ತೆಗೆದುಕೊಳ್ಳದೆ ಹಬ್ಬಕ್ಕೆ ಬಂದರೆ ಕಾಂಡೋಮ್ ಇಲ್ಲದೆ ಬೇಡ ಅಂತ ಆಕೆಗೆ ಈಗಲೇ ಬಿಡಿಸಿ ಹೇಳಿ. ಒಂದು ಪ್ಯಾಕೆಟ್ ಕೈಗೆ ಕೊಟ್ಟೇ ಕಳಿಸಿ, ಎಲ್ಲಿ ಇಡುತ್ತೀರಿ ಅಂತಲೂ ಕೇಳಿ. ನಮ್ಮಲ್ಲಿ ಹೆಂಗಸರು ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದರು.